ಗುಂಡ್ಲಕಮ್ಮ ಹೊಳೆಯೂ ಒಂಗೋಲಿನ ಸಭೆಯೂ

ಶುಕ್ರವಾರ, ನೆಲ್ಲೂರು

1878ರ ಜುಲೈ 3ರಂದು ಒಂದೇ ದಿನದಲ್ಲಿ 2,222 ಜನ ಗುಂಡ್ಲಕಮ್ಮ ಹೊಳೆಗೆ ಇಳಿದು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಈ ಸಂಗತಿಯನ್ನು ಓದಿದಾಗಿನಿಂದ ಆಂಧ್ರದ ಒಂಗೋಲಿಗೆ ಹೋಗಬೇಕು ಅಂತ ಆಸೆ ಇತ್ತು. ಓದಿದ ಕಡೆಯಲ್ಲೆಲ್ಲ ಅಮೆರಿಕದಿಂದ ಬಂದ ಮಿಷನರಿ ಜಾನ್ ಕ್ಲೌ ಅವರ ಹೆಸರೇ ದೊಡ್ಡದಾಗಿ ಇರುತ್ತಿತ್ತು. ನೀರಿಗೆ ಇಳಿದವರು ಯಾರು, ಯಾಕೆ ಬಂದರು, ಅವರ ಮೊಮ್ಮಕ್ಕಳು ಮರಿಮಕ್ಕಳು ಈಗ ಎಲ್ಲಿದ್ದಾರೆ? ನನಗೆ ಬೇಕಾಗಿದ್ದು ಅದು. ಡಿಸೆಂಬರ್ ಮೊದಲ ವಾರ ಬಿಡುವಾಯಿತು. ಭಾವ ಜೊತೆಗೆ ಬರುತ್ತೇನೆ ಅಂದರು. ಅವರು ಕೋಲಾರದ ಕಡೆಯವರು, ತೆಲುಗು ಸರಾಗ. ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು.

ಬೆಂಗಳೂರಿನಿಂದ ರಾತ್ರಿ ಬಸ್ಸು. ಬೆಳಗ್ಗೆ ನೆಲ್ಲೂರಲ್ಲಿ ಇಳಿದಾಗ ಸಣ್ಣ ಜಡಿಮಳೆ. ನಮ್ಮ ಕಡೆ ಡಿಸೆಂಬರ್ ಅಂದರೆ ಚಳಿ, ಈ ಕರಾವಳಿಯಲ್ಲಿ ಇನ್ನೂ ಹಿಂಗಾರು ಮುಗಿದಿರುವುದಿಲ್ಲ. ಹೋಗುವವರು ಸ್ವೆಟರ್ ಬದಲು ಕೊಡೆ ಇಟ್ಟುಕೊಳ್ಳಿ. ಬಸ್ ನಿಲ್ದಾಣದ ಎದುರಿನ ಹೋಟೆಲ್‌ನಲ್ಲಿ ಕಾರದ ದೋಸೆ ತಿಂದೆವು. ಕೆಂಪು ಚಟ್ನಿ ಬಳಿದು, ಮೇಲೆ ತುಪ್ಪ ಸುರಿದು ಕೊಟ್ಟರು. ಖಾರ ನೆತ್ತಿಗೆ ಏರಿತು, ಆದರೂ ಇನ್ನೊಂದು ಹೇಳಿದೆವು.

ಒಂಗೋಲಿನ ಕಥೆ ಶುರುವಾಗುವುದು ನೆಲ್ಲೂರಿನಲ್ಲಿ. ಸ್ಯಾಮ್ಯುಯಲ್ ಡೇ ಎಂಬ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ 1836ರಲ್ಲಿ ಭಾರತಕ್ಕೆ ಬಂದು, 1840ರಲ್ಲಿ ನೆಲ್ಲೂರಿನಲ್ಲಿ ನೆಲೆ ನಿಂತರು. ಆಮೇಲೆ ಬಂದವರು ಲೈಮನ್ ಜ್ಯೂವೆಟ್. ವರ್ಷಗಟ್ಟಲೆ ದುಡಿದರೂ ಸಭೆಗೆ, ಅಂದರೆ ಕ್ರೈಸ್ತರ ಕೂಟಕ್ಕೆ, ಸೇರಿದವರು ಬೆರಳೆಣಿಕೆಯಷ್ಟೇ ಜನ. 1853ರಲ್ಲಿ ಅಮೆರಿಕದ ಆಲ್ಬನಿ ಪಟ್ಟಣದಲ್ಲಿ ಮಿಷನ್‌ನವರ ಸಮಾವೇಶ ಸೇರಿತು. ತೆಲುಗು ನಾಡಿನ ಕೆಲಸವನ್ನು ನಿಲ್ಲಿಸಿಬಿಡುವುದಾ ಎಂಬ ಚರ್ಚೆ ನಡೆಯಿತು. ನಕಾಶೆಯಲ್ಲಿ ಪ್ರತಿ ಕೇಂದ್ರಕ್ಕೂ ಒಂದು ನಕ್ಷತ್ರದ ಗುರುತು, ಸಮುದ್ರದ ಈಚೆ ನೆಲ್ಲೂರಿನದು ಮಾತ್ರ ಒಂಟಿ. ಅದನ್ನು ನೋಡಿ ಸ್ಯಾಮ್ಯುಯಲ್ ಸ್ಮಿತ್ ಎಂಬ ಪಾದ್ರಿ ರಾತ್ರೋರಾತ್ರಿ ಒಂದು ಪದ್ಯ ಬರೆದು ಬೆಳಗ್ಗೆ ಕೊಟ್ಟರು. ಓದುತ್ತಾ ಓದುತ್ತಾ ಜನರ ಕಣ್ಣು ತುಂಬಿತಂತೆ. ಕೆಲಸ ಉಳಿಯಿತು, ಅದಕ್ಕೆ 'ಲೋನ್ ಸ್ಟಾರ್' ಮಿಷನ್ ಎಂಬ ಹೆಸರೂ ಬಂತು. ನೆಲ್ಲೂರಿನ ಹಳೆಯ ಬ್ಯಾಪ್ಟಿಸ್ಟ್ ಚರ್ಚಿಗೆ ಇವತ್ತೂ ಅದೇ ಹೆಸರಿದೆ.

ನಾವು ಹೋದಾಗ ಅಂಗಳದಲ್ಲಿ ಹುಡುಗರು ಕ್ರಿಸ್ಮಸ್‌ಗೆ ಬಿದಿರಿನ ನಕ್ಷತ್ರ ಕಟ್ಟುತ್ತಿದ್ದರು. ಭಾವ ಅಲ್ಲೇ ಕೂತು ಕಡ್ಡಿ ಹಿಡಿದುಕೊಂಡು ಮಾತಿಗೆ ಇಳಿದರು. "ಎಲ್ಲಿಂದ ಬಂದ್ರಿ ಅಂಕಲ್?" "ಕರ್ನಾಟಕದಿಂದ." "ಇದನ್ನ ನೋಡೋಕೇ ಬಂದ್ರಾ?" ಆ ಹುಡುಗ ಮೂರ್ನಾಲ್ಕು ಸಲ ಅದನ್ನೇ ಕೇಳಿದ, ಅವನಿಗೆ ನಂಬಿಕೆಯೇ ಬರಲಿಲ್ಲ. ಸಂಜೆ ಪೆನ್ನಾ ನದಿಯ ದಡಕ್ಕೆ ಹೋದೆವು. ಒಂದು ಕಡೆ ರಂಗನಾಥಸ್ವಾಮಿ ಗುಡಿಯ ಗೋಪುರ, ಕೆಳಗೆ ಕೆಂಪು ನೀರು. ರಾತ್ರಿ ಮಾವಿನಕಾಯಿ ಹಾಕಿದ ಮೀನಿನ ಪುಳುಸು, ಅನ್ನ. ಪುಳುಸು ಬೇಕಾದರೆ ಹಿಂದಿನ ದಿನ ಮಾಡಿಟ್ಟಿದ್ದು ಇದೆಯಾ ಅಂತ ಕೇಳಿ. ಹುಳಿ ಮೀನಿಗೆ ಹಿಡಿದಿರುತ್ತದೆ.

ಶನಿವಾರ, ಕಾಲುವೆ ಮತ್ತು ಹೊಳೆ

ನೆಲ್ಲೂರಿನಿಂದ ಒಂಗೋಲಿಗೆ ಹೆದ್ದಾರಿಯಲ್ಲಿ ಎರಡು ಗಂಟೆಗೆ ಸ್ವಲ್ಪ ಜಾಸ್ತಿ. ಕಾವಲಿ ದಾಟಿದ ಮೇಲೆ ಎರಡೂ ಕಡೆ ಹೊಗೆಸೊಪ್ಪಿನ ಹೊಲಗಳು. ಎಲೆ ಆಗಲೇ ಅಗಲವಾಗಿತ್ತು, ಮಳೆ ನೀರು ನಿಂತಿತ್ತು. ಚೀಮಕುರ್ತಿಯ ಕಪ್ಪು ಗ್ರಾನೈಟ್ ದಿಮ್ಮಿ ಹೊತ್ತ ಲಾರಿಗಳು ಸಾಲು ಸಾಲು. ಲಾಡ್ಜಿನಲ್ಲಿ ಚೀಲ ಇಟ್ಟು, ಒಂದು ಆಟೋ ಗೊತ್ತು ಮಾಡಿಕೊಂಡು ಮೊದಲು ಹೊರಟಿದ್ದು ಕೊತ್ತಪಟ್ಟಣದ ರಸ್ತೆಗೆ. ಸಮುದ್ರ ನೋಡೋಕಲ್ಲ, ದಾರಿಯಲ್ಲಿ ಸಿಗುವ ಬಕಿಂಗ್‌ಹ್ಯಾಂ ಕಾಲುವೆ ನೋಡೋಕೆ.

ಈ ಕಾಲುವೆ ಇಲ್ಲದೆ ಒಂಗೋಲಿನ ಸಭೆಯ ಕಥೆ ಅರ್ಥ ಆಗುವುದಿಲ್ಲ. 1876ರಲ್ಲಿ ಮಳೆ ಕೈಕೊಟ್ಟಿತು. ಮದ್ರಾಸ್ ಪ್ರಾಂತ್ಯ, ಮೈಸೂರು, ಹೈದರಾಬಾದು ಎಲ್ಲ ಕಡೆ ಬರ. ನಮ್ಮ ಹಿರಿಯರು ಧಾತು ಈಶ್ವರ ಬರ ಅನ್ನುತ್ತಿದ್ದದ್ದು ಇದನ್ನೇ. ಆಗ ಮೈಸೂರು ಸೀಮೆಯಲ್ಲೇ ಐವರಲ್ಲಿ ಒಬ್ಬರು ಸತ್ತರು ಅನ್ನುತ್ತಾರೆ. ಸರ್ಕಾರ ಬರಗಾಲದ ಕೆಲಸವಾಗಿ ಕರಾವಳಿಯ ಈ ಕಾಲುವೆಯನ್ನು ತೋಡಿಸಿತು. ಆಗಿನ ಗವರ್ನರ್ ಬಕಿಂಗ್‌ಹ್ಯಾಂ ಡ್ಯೂಕ್ ಅವರ ಹೆಸರನ್ನೇ ಇಟ್ಟಿತು. ಆದರೆ ಕೆಲಸದ ಜಾಗದಲ್ಲಿ ಮಾದಿಗರಿಗೆ ಕಷ್ಟ. ಮೇಸ್ತ್ರಿಗಳು ಮೇಲ್ಜಾತಿಯವರು, ಬೈಗುಳ, ಹೊಡೆತ, ಕೂಲಿಯಲ್ಲಿ ಕಡಿತ. ಕ್ಲೌ ಅಮೆರಿಕದಲ್ಲಿ ಸರ್ವೆ ಕೆಲಸ ಮಾಡಿದ್ದವರು. ಮೂರೂವರೆ ಮೈಲಿ ಕಾಲುವೆಯನ್ನು ತಾವೇ ಗುತ್ತಿಗೆ ಹಿಡಿದರು. ಸಭೆಯ ಉಪದೇಶಕರನ್ನೇ ಮೇಸ್ತ್ರಿ ಮಾಡಿದರು. ಅವರೂ ಮಾದಿಗರೇ. ಬುಟ್ಟಿ ಹೊರುವವನಿಗೆ ತನ್ನ ಜಾತಿಯವನೇ ಮೇಸ್ತ್ರಿ. ಕೂಲಿ ಸರಿಯಾಗಿ ಕೈಗೆ ಬರುತ್ತಿತ್ತು. ಮಧ್ಯಾಹ್ನ ಸುಧಾರಿಸಿಕೊಳ್ಳುವ ಹೊತ್ತಿನಲ್ಲಿ ಉಪದೇಶಕರು ಅವರ ಜೊತೆ ಕೂತು, "ಕಷ್ಟಪಡುವವರೇ, ಹೊರೆ ಹೊತ್ತವರೇ, ನನ್ನ ಬಳಿಗೆ ಬನ್ನಿರಿ" ಎಂಬ ಯೇಸುವಿನ ಮಾತು ಹೇಳುತ್ತಿದ್ದರು.

ಸೇತುವೆಯ ಮೇಲೆ ನಿಂತೆವು. ಕಾಲುವೆ ಈಗ ಹೂಳು ತುಂಬಿ ಜೊಂಡು ಬೆಳೆದು ನಿಂತಿದೆ. ಆಚೆ ಸೀಗಡಿ ಹೊಂಡಗಳು. ಒಬ್ಬ ಮುದುಕ ಸೊಂಟದ ಮಟ್ಟ ನೀರಲ್ಲಿ ನಿಂತು ಬಲೆ ಬೀಸುತ್ತಿದ್ದ. ಭಾವ ದಡಕ್ಕೆ ಇಳಿದು, ಏರಿಯ ಮಣ್ಣನ್ನು ಚಪ್ಪಲಿಯ ತುದಿಯಿಂದ ಕೆದಕಿದರು. ಮೇಲೆ ಮರಳು, ಒಂದು ಗೇಣು ಕೆಳಗೆ ಅಂಟು ಜೇಡಿ. ಒಂದು ಹಿಡಿ ಎತ್ತಿ ಉಂಡೆ ಕಟ್ಟಿ ನನ್ನ ಕೈಗೆ ಕೊಟ್ಟರು. ಸಣ್ಣ ಉಂಡೆ, ಆದರೂ ಕೈ ಇಳಿಯಿತು.

"ಒದ್ದೆ ಜೇಡಿ ಇದು. ಗುದ್ದಲಿಗೆ ಕಚ್ಕೊಂಡು ಬಿಡಲ್ಲ. ಹೊಟ್ಟೆಗಿಲ್ಲದವನು ಇದನ್ನ ಬುಟ್ಟೀಲಿ ಹೊತ್ಕೊಂಡು ಏರಿ ಹತ್ತಬೇಕು. ನಮ್ಮ ಇಲಾಖೆಯ ಲೆಕ್ಕದಲ್ಲಿ ಇಂಥ ಮಣ್ಣಿಗೆ ದರವೇ ಬೇರೆ ಇರುತ್ತೆ," ಅಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಬಲೆಯ ಮುದುಕನನ್ನು ಕಾಲುವೆಯ ಬಗ್ಗೆ ಕೇಳಿದೆವು. ಅವನಿಗೆ ಬರದ ಕಥೆ ಗೊತ್ತಿರಲಿಲ್ಲ, 2004ರ ಸುನಾಮಿಯ ಕಥೆ ಗೊತ್ತಿತ್ತು. ಅವತ್ತು ಸಮುದ್ರದ ನೀರು ಈ ಕಾಲುವೆಗೆ ತುಂಬಿಕೊಂಡು ತಡೆಯಿತು, ಇಲ್ಲದಿದ್ದರೆ ಒಳಗಿನ ಊರುಗಳೂ ಹೋಗುತ್ತಿದ್ದವು ಅಂದ. ಹಸಿದವರು ತೋಡಿದ ಕಾಲುವೆ ಅವರ ಮರಿಮಕ್ಕಳನ್ನು ಕಾಯಿತು. ಅಲ್ಲಿ ಒಂದು ಫಲಕ ಇರಬೇಕಿತ್ತು ಅನ್ನಿಸಿತು ನನಗೆ.

ಮಧ್ಯಾಹ್ನ ಊಟ ಮುಗಿಸಿ ಉತ್ತರಕ್ಕೆ, ಮದ್ದಿಪಾಡು ಕಡೆಗೆ ಹೊರಟೆವು. ಹೋಗಬೇಕಾಗಿದ್ದು ಆ ದೀಕ್ಷಾಸ್ನಾನ ನಡೆದ ವೆಲ್ಲಂಪಲ್ಲಿಗೆ. ಹೆದ್ದಾರಿ ಬಿಟ್ಟು ಒಳಗೆ ತಿರುಗಿದ ಸ್ವಲ್ಪ ಹೊತ್ತಿಗೆ ಆಟೋದ ಹಿಂದಿನ ಚಕ್ರ ಪಂಕ್ಚರ್. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ಡ್ರೈವರ್ ಚಕ್ರ ಬಿಚ್ಚಿಕೊಂಡು ಬೈಕಿನವರೊಬ್ಬರ ಹಿಂದೆ ಕೂತು ಹೋದ. ಅಷ್ಟರಲ್ಲಿ ಮಳೆ ಬಿರುಸಾಯಿತು. ರಸ್ತೆ ಪಕ್ಕದ ಟೀ ಅಂಗಡಿಯ ತಗಡಿನ ಕೆಳಗೆ ನಿಂತೆವು. ಬಿಸಿ ಪುನುಗುಲು ಎಣ್ಣೆಯಿಂದ ತೆಗೆಯುತ್ತಿದ್ದ ಅಮ್ಮ, "ವಂದನಾಲು" ಅಂದರು. ಇಲ್ಲಿಯ ಕ್ರೈಸ್ತರು ಹೀಗೇ ಮಾತಾಡಿಸುತ್ತಾರೆ. ಯಾಕೆ ಬಂದಿದ್ದು ಅಂತ ಹೇಳಿದೆವು. ಆಕೆ ಸೌಟನ್ನು ಬಾಣಲೆಯ ಅಂಚಿಗೆ ಒರಗಿಸಿ ಹೊರಗೆ ಬಂದು ಕೈ ತೋರಿಸಿದರು. "ಆ ಸೇತುವೆ ಕಾಣುತ್ತಲ್ಲ, ಅದರ ಹತ್ತಿರ. ನಮ್ಮ ದೊಡ್ಡವರೂ ಅಲ್ಲೇ ತಗೊಂಡಿದ್ದು."

ಮಳೆ ನಿಂತ ಮೇಲೆ ನಡೆದುಕೊಂಡೇ ಹೋದೆವು. ಗುಂಡ್ಲಕಮ್ಮ ಹುಟ್ಟುವುದು ನಲ್ಲಮಲ ಬೆಟ್ಟಗಳಲ್ಲಿ. ಇಲ್ಲಿಗೆ ಬರುವ ಹೊತ್ತಿಗೆ ಅಗಲವಾದ, ಅವಸರವಿಲ್ಲದ ಹೊಳೆ. ಮಳೆಗೆ ನೀರು ಕಂದು ಬಣ್ಣಕ್ಕೆ ತಿರುಗಿತ್ತು.

ಬರ ಇದ್ದಷ್ಟು ಕಾಲ, ಸುಮಾರು ಹದಿನೈದು ತಿಂಗಳು, ಕ್ಲೌ ಒಬ್ಬರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಅನ್ನಕ್ಕಾಗಿ ಬಂದರು ಎಂಬ ಮಾತು ಬರಬಾರದು ಅಂತ. ಜನ ಕೇಳುತ್ತಲೇ ಇದ್ದರು, ಇವರು ತಡೆಯುತ್ತಲೇ ಇದ್ದರು. 1878ರ ಮಧ್ಯದಲ್ಲಿ ಬರ ಇಳಿದು, ಕೊಡಲು ದುಡ್ಡೂ ಕಾಳೂ ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತಾದ ಮೇಲೆ ವೆಲ್ಲಂಪಲ್ಲಿಗೆ ಬರಲು ಹೇಳಿ ಕಳಿಸಿದರು. ಒಂಗೋಲಿನಲ್ಲಿ ಆಗ ಸಿಡುಬಿನ ಭಯ, ಅದಕ್ಕೇ ಊರ ಹೊರಗಿನ ಈ ಜಾಗ. ಸಾವಿರಾರು ಜನ ಬಂದರು. ಉಪದೇಶಕರು ತಮ್ಮ ತಮ್ಮ ಊರಿನವರನ್ನು ಕೂರಿಸಿಕೊಂಡು ಒಬ್ಬೊಬ್ಬರನ್ನೇ ವಿಚಾರಿಸಿದರು. ಬ್ಯಾಪ್ಟಿಸ್ಟರಲ್ಲಿ ಕೂಸುಗಳಿಗೆ ದೀಕ್ಷಾಸ್ನಾನ ಇಲ್ಲ. ತಿಳಿವಳಿಕೆ ಬಂದವರು ತಾವೇ ಬಾಯಿಬಿಟ್ಟು ಕೇಳಬೇಕು, ನೀರಲ್ಲಿ ಪೂರ್ತಿ ಮುಳುಗಬೇಕು. ಹಣೆಗೆ ನೀರು ಚಿಮುಕಿಸಿದರೆ ಸಾಲದು. ಅದಕ್ಕೇ ಹೊಳೆ ಬೇಕಾಗಿದ್ದು.

ಜುಲೈ 2ರಂದು 614 ಜನ, 3ರಂದು 2,222, 4ರಂದು 700. ನೀರಿನಲ್ಲಿ ಒಂದು ಹೊತ್ತಿಗೆ ಇಬ್ಬರು ಉಪದೇಶಕರು ನಿಲ್ಲುತ್ತಿದ್ದರು. ದಣಿದರೆ ಬೇರೆ ಇಬ್ಬರು. ಹೀಗೆ ಆರು ಮಂದಿ. ದಡದಲ್ಲಿ ಹೆಸರು ಕೂಗುವವರು. ಬೆಳಗ್ಗೆ ಶುರುವಾಗಿ, ನಡುಮಧ್ಯಾಹ್ನ ಬಿಡುವು ಕೊಟ್ಟು, ಸಂಜೆಯ ತನಕ. ಭಾವ ಅಲ್ಲೇ ಲೆಕ್ಕ ಹಾಕಿದರು. ಎಂಟು ಗಂಟೆ ಅಂತ ಇಟ್ಟುಕೊಂಡರೆ ಒಬ್ಬೊಬ್ಬರಿಗೆ ಸುಮಾರು 26 ಸೆಕೆಂಡ್. ಆಗುವ ಮಾತೇ. ಅವತ್ತು ಕ್ಲೌ ಸ್ವತಃ ಒಬ್ಬರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ನನಗೆ ಇದು ಎಲ್ಲಕ್ಕಿಂತ ದೊಡ್ಡ ಸಂಗತಿ. ಊರಿನಲ್ಲಿ ಮುಟ್ಟಿಸಿಕೊಳ್ಳದಿದ್ದ ಜನ, ತಮ್ಮವರದೇ ಕೈ ಹಿಡಿದು ನೀರಿಗೆ ಇಳಿದರು, ಎದ್ದು ಬಂದರು. ಹೇಳುವವರು ಇದನ್ನೇ ಮೊದಲು ಹೇಳಬೇಕು.

ದಡದಿಂದ ವಾಪಸ್ ಬಂದಾಗ ಚಕ್ರ ರೆಡಿ. ಟೀ ಅಂಗಡಿಯ ಅಮ್ಮ ಪುನುಗುಲಿಗೆ ದುಡ್ಡು ತೆಗೆದುಕೊಳ್ಳಲೇ ಇಲ್ಲ. "ನಾಳೆ ಚರ್ಚಿಗೆ ಹೋಗ್ತೀರಲ್ಲ, ಕಾನುಕೆ ಡಬ್ಬಿಗೆ ಹಾಕಿ" ಅಂದರು.

ಭಾನುವಾರ, ಒಂಗೋಲು

ಲಾಡ್ಜಿನಲ್ಲಿ ಬೆಳಗ್ಗೆ ಕರೆಂಟ್ ಇರಲಿಲ್ಲ, ತಣ್ಣೀರ ಸ್ನಾನ. ಜ್ಯೂವೆಟ್ ಮೆಮೋರಿಯಲ್ ಬ್ಯಾಪ್ಟಿಸ್ಟ್ ಚರ್ಚಿಗೆ ಹೋದಾಗ ಹಾಡು ಶುರುವಾಗಿತ್ತು. ಚಪ್ಪಲಿ ಹೊರಗೆ ಬಿಡಬೇಕು, ಹೆಂಗಸರು ತಲೆಗೆ ಸೆರಗು ಹೊದೆಯುತ್ತಾರೆ. ಫೋಟೋ ತೆಗೆಯುವುದಿದ್ದರೆ ಆರಾಧನೆ ಮುಗಿದ ಮೇಲೆ ಕೇಳಿ, ಬೇಡ ಅನ್ನುವುದಿಲ್ಲ. ಹಾಡಿದ್ದು ತೆಲುಗು ಕೀರ್ತನೆಗಳು. ಅದರಲ್ಲಿ ಒಂದು ಪುರುಷೋತ್ತಮ ಚೌಧರಿಯವರದು ಅಂತ ಪಕ್ಕದವರು ಹೇಳಿದರು. ಚೌಧರಿ 19ನೇ ಶತಮಾನದ ಕವಿ. ನಮ್ಮ ದಾಸರ ಪದಗಳ ಹಾಗೆ ಪಲ್ಲವಿ, ಚರಣ, ತಾಳ ಎಲ್ಲ ಇದೆ. ಭಾವ ಎರಡನೇ ಚರಣಕ್ಕೇ ತಲೆದೂಗತೊಡಗಿದರು.

ಆರಾಧನೆ ಮುಗಿದ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ನಮ್ಮನ್ನು ಹಿಡಿದುಕೊಂಡರು. ಮನೆಗೆ ಊಟಕ್ಕೆ ಬಂದೇ ಹೋಗಬೇಕು ಅಂತ ಹಟ. ಕೋಳಿ ಸಾರು, ಗೋಂಗುರ ಪಚ್ಚಡಿ, ಬಿಳಿ ಅನ್ನ, ಗಟ್ಟಿ ಮೊಸರು. ಊಟದ ನಡುವೆ ಅವರು ಹೇಳಿದ ಕಥೆ ಯರ್ರಗುಂಟ್ಲ ಪೇರಯ್ಯನದು.

ಪೇರಯ್ಯ ಒಂಗೋಲಿನಿಂದ ಪಶ್ಚಿಮಕ್ಕೆ ಸುಮಾರು 40 ಮೈಲಿ ದೂರದ ತಲಕೊಂಡಪಾಡಿನ ಮಾದಿಗ. ತೊಗಲಿನ ವ್ಯಾಪಾರ. ಯೋಗ ಕಲಿತವನು, ಶಿಷ್ಯರನ್ನು ಇಟ್ಟುಕೊಂಡಿದ್ದವನು. ವ್ಯಾಪಾರಕ್ಕೆ ಉತ್ತರಕ್ಕೆ ಹೋದಾಗ ಯೇಸುವಿನ ವಿಚಾರ ಕೇಳಿ, ಇನ್ನೂ ತಿಳಿಯಬೇಕು ಅಂತ ತಾನೇ ಹುಡುಕಿಕೊಂಡು ಮಿಷನರಿಗಳ ಬಳಿಗೆ ಬಂದ. 1866ರಲ್ಲಿ ಅವನೂ ಹೆಂಡತಿ ನಾಗಮ್ಮನೂ ದೀಕ್ಷಾಸ್ನಾನ ಪಡೆದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕ್ಲೌ ದಂಪತಿ ಒಂಗೋಲಿನಲ್ಲಿ ನೆಲೆಸಿದರು. 1867ರ ಜನವರಿ 1ರಂದು ಸಭೆ ಕಟ್ಟಿದಾಗ ಸದಸ್ಯರು ಎಂಟೇ ಜನ. ಹಳ್ಳಿ ಹಳ್ಳಿ ಸುತ್ತಿ ಮಾತಾಡಿದ್ದು ಪೇರಯ್ಯ, ನಾಗಮ್ಮ ಮತ್ತು ಅವರ ನೆಂಟರು.

"ದೊರೆಗಾರು ಬಂದು ನಮ್ಮನ್ನ ಕಂಡುಹಿಡಿದರು ಅಂತ ಬರೀತಾರೆ. ನಮ್ಮವನು ಹೋಗಿ ಅವರನ್ನ ಕಂಡುಹಿಡಿದ," ಅಂದರು ಮೇಷ್ಟ್ರು. ಅವರ ಮಾತು ನನಗೆ ಪೂರ್ತಿ ಒಪ್ಪಿಗೆ.

ಹಳ್ಳಿಗಳಲ್ಲಿ ಹೊಸ ಕ್ರೈಸ್ತರು ಹಿಡಿದ ಪಟ್ಟು ಮೂರು. ಭಾನುವಾರ ಕೆಲಸ ಇಲ್ಲ, ಸತ್ತ ದನದ ಮಾಂಸ ತಿನ್ನುವುದಿಲ್ಲ, ವಿಗ್ರಹಕ್ಕೆ ಪೂಜೆ ಇಲ್ಲ. ಕೇಳೋಕೆ ಸುಲಭ. ಆದರೆ ಸತ್ತ ದನ ಎಳೆಯುವುದು, ಊರ ದೇವಿಗೆ ಹಲಗೆ ಬಡಿಯುವುದು ಮಾದಿಗರ ಪಾಲಿನ ಬಿಟ್ಟಿ ಕೆಲಸ. ಬಡಿಯುವುದಿಲ್ಲ ಅಂದ ಕೂಡಲೇ ಊರು ತಿರುಗಿ ಬಿತ್ತು. ಬಾವಿ ಬಂದ್, ಕೂಲಿ ಬಂದ್, ಹೊಡೆತ. ಒಂಗೋಲಿನಲ್ಲೂ ಹಾಗೇ. ಮೇಲ್ಜಾತಿಯವರು ಕ್ಲೌ ಅವರ ಶಾಲೆಗೆ ಮಕ್ಕಳನ್ನು ಕಳಿಸುತ್ತಿದ್ದರು. ಮಾದಿಗರನ್ನು ಸೇರಿಸಿಕೊಂಡರೆ ನಾವು ಬರುವುದಿಲ್ಲ ಅಂದರು. ಕ್ಲೌ ಒಂದು ಕೋಣೆಯಲ್ಲಿ, ಅವರ ಹೆಂಡತಿ ಹ್ಯಾರಿಯೆಟ್ ಇನ್ನೊಂದರಲ್ಲಿ ಬೈಬಲ್ ತೆರೆದಾಗ ಇಬ್ಬರಿಗೂ ಸಿಕ್ಕಿದ್ದು ಕೊರಿಂಥದವರಿಗೆ ಬರೆದ ಒಂದನೇ ಪತ್ರದ ಅದೇ ಭಾಗ. ಲೋಕ ಕೀಳೆಂದು ಬಿಟ್ಟವರನ್ನೇ ದೇವರು ಆರಿಸಿಕೊಂಡ ಎಂಬ ಮಾತು. ಮಾದಿಗರು ಒಳಗೆ ಬಂದರು, ಮೇಲ್ಜಾತಿಯ ಮಕ್ಕಳು ಹೊರಗೆ ಹೋದರು.

ಈ ಹೆಸರುಗಳೆಲ್ಲ ಉಳಿದದ್ದು ಹೇಗೆ ಅಂದರೆ, ಕ್ಲೌ ಅವರ ಎರಡನೇ ಹೆಂಡತಿ ಎಮ್ಮಾ ರೌಷೆನ್‌ಬುಷ್ ಹಳಬರನ್ನು ಕೂರಿಸಿಕೊಂಡು ಕಥೆ ಕೇಳಿ ಬರೆದಿಟ್ಟರು. 1899ರಲ್ಲಿ ಅದು ಪುಸ್ತಕವಾಯಿತು. 1878ರ ಕೊನೆಗೆ ಹೊಸದಾಗಿ ಸೇರಿದವರು 9,606. ಒಂಗೋಲಿನ ಸಭೆ ಜಗತ್ತಿನ ಅತಿ ದೊಡ್ಡ ಬ್ಯಾಪ್ಟಿಸ್ಟ್ ಸಭೆ ಅಂತ ಹೆಸರಾಯಿತು.

ಮೇಷ್ಟ್ರ ತಮ್ಮನ ಮಗ ಸರ್ಕಾರಿ ಪರೀಕ್ಷೆಗೆ ಓದುತ್ತಿರುವವನು. ಅವನು ಅಲ್ಲಿಯವರೆಗೂ ಸುಮ್ನೆ ಕೂತಿದ್ದ. "ಇದೆಲ್ಲ ಸರಿ ಸಾರ್. ಈಗಿನದನ್ನೂ ಬರೀರಿ" ಅಂದ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಗೆ ಸೇರುವುದಿಲ್ಲ. ಆಂಧ್ರದಲ್ಲಿ ಅವರು ಹಿಂದುಳಿದ ವರ್ಗದ 'ಸಿ' ಗುಂಪು, ಮೀಸಲಾತಿ ಶೇ. 1. "ಊರಲ್ಲಿ ಎಲ್ಲರಿಗೂ ನಾನು ಮಾದಿಗ. ಕಾಗದದಲ್ಲಿ ಮಾತ್ರ ಅಲ್ಲ. ಅದಕ್ಕೇ ಎಷ್ಟೋ ಮನೆಯಲ್ಲಿ ಸರ್ಟಿಫಿಕೇಟಿಗೆ ಒಂದು ಹೆಸರು, ಚರ್ಚಿಗೆ ಇನ್ನೊಂದು." ಮೇಷ್ಟ್ರು ತಲೆ ತಗ್ಗಿಸಿ ಅನ್ನ ಕಲೆಸಿದರು, ಏನೂ ಹೇಳಲಿಲ್ಲ. ಧರ್ಮ ಬದಲಾದರೂ ಊರು ನೋಡುವ ಕಣ್ಣು ಬದಲಾಗಿಲ್ಲ ಅನ್ನುವಾಗ ಈ ನಿಯಮ ನನಗೆ ನ್ಯಾಯ ಅನ್ನಿಸುವುದಿಲ್ಲ. ಹುಡುಗನಿಗೆ ಅದನ್ನೇ ಹೇಳಿದೆ.

ಒಳಗಿನಿಂದ ಮೇಷ್ಟ್ರ ತಾಯಿ ಬಂದು ಕೂತರು. ತೊಂಬತ್ತರ ಹತ್ತಿರದ ವಯಸ್ಸು. ಅವರ ಅತ್ತೆ ಹೇಳುತ್ತಿದ್ದರಂತೆ: ಮನೆಯ ಹಿರಿಯಜ್ಜಿ ಕಾಲುವೆಯಲ್ಲಿ ಮಣ್ಣು ಹೊತ್ತವಳು, ಕಂಕುಳಲ್ಲಿ ಕೂಸು. ಹೊಳೆಗೆ ಇಳಿಯುವಾಗ ಆ ಕೂಸನ್ನು ಹಿಡಿದುಕೊಳ್ಳಲು ದಡದಲ್ಲಿ ಯಾರೂ ಸಿಗಲಿಲ್ಲ. ಕೊನೆಗೆ ಹೆಸರು ಕೂಗುತ್ತಿದ್ದವನೇ ಎತ್ತಿಕೊಂಡ. "ಆ ಕೂಸು ನನ್ನ ಮಾವ" ಅಂದರು ಅಜ್ಜಿ.

ಸೋಮವಾರ, ಗುಡ್ಡ ಮತ್ತು ವಾಪಸ್

ಬೆಳಕು ಹರಿಯುವ ಮುಂಚೆ ಪ್ರಾರ್ಥನೆ ಗುಡ್ಡ ಹತ್ತಿದೆವು. 1854ರ ಜನವರಿ 1ರ ಬೆಳಗ್ಗೆ ಜ್ಯೂವೆಟ್ ದಂಪತಿ, ಕ್ರಿಶ್ಚಿಯನ್ ನರಸು, ಜೂಲಿಯಾ, ರೂತ್, ಈ ಐವರು ಇಲ್ಲಿ ಕೂತು ಒಂಗೋಲಿಗೆ ಒಬ್ಬ ಕೆಲಸಗಾರನನ್ನು ಕೊಡು ಅಂತ ಬೇಡಿಕೊಂಡರು. ಕ್ಲೌ ಬರಲು ಆಮೇಲೆ ಹನ್ನೆರಡು ವರ್ಷ ಬೇಕಾಯಿತು. ಗುಡ್ಡ ದೊಡ್ಡದೇನಲ್ಲ, ಮಳೆಗೆ ಬಂಡೆ ಜಾರುತ್ತದೆ, ಹುಷಾರಾಗಿ ಹೆಜ್ಜೆ ಇಡಬೇಕು. ಸುತ್ತ ಈಗ ಮನೆಗಳೇ ಮನೆಗಳು. ವಾಕಿಂಗ್ ಬಂದಿದ್ದ ಒಬ್ಬರು, ಹೊಸ ವರ್ಷದ ದಿನ ಬಂದರೆ ಇಲ್ಲಿ ಕಾಲಿಡಲು ಜಾಗ ಇರಲ್ಲ, ನಸುಕಿಗೇ ಜನ ಸೇರುತ್ತಾರೆ ಅಂದರು.

ಕೆಳಗಿಳಿದು ಪೇಟೆಯಲ್ಲಿ ಒಂಗೋಲಿನ ಮೈಸೂರ್‌ಪಾಕ್ ಕಟ್ಟಿಸಿಕೊಂಡೆವು. ಆಂಧ್ರದಲ್ಲೆಲ್ಲ ಹೆಸರುವಾಸಿ. ನಮ್ಮದಕ್ಕಿಂತ ಮೆತ್ತಗೆ, ತುಪ್ಪ ಜಾಸ್ತಿ. ಭಾವ ಬಸ್ ಬರುವ ಮೊದಲೇ ಪೊಟ್ಟಣ ಬಿಚ್ಚಿದರು.

ತಲಕೊಂಡಪಾಡಿಗೆ ಹೋಗಲು ಈ ಸಲ ಹೊತ್ತು ಸಿಗಲಿಲ್ಲ. ಮೇಷ್ಟ್ರು ಅಲ್ಲಿಯ ಸಭೆಯವರಿಗೆ ಮೊದಲೇ ಫೋನ್ ಮಾಡಿ ಹೇಳಿಡುತ್ತೇನೆ ಅಂದಿದ್ದಾರೆ. ಫೆಬ್ರವರಿಯೊಳಗೆ ಹೋಗಿಬರಬೇಕು. ಮಾರ್ಚ್ ದಾಟಿದರೆ ಆ ಕಡೆಯ ಬಿಸಿಲನ್ನು ತಡೆಯೋಕೆ ಆಗಲ್ಲವಂತೆ.